ಕೆಂಪು ಬೂಟು ತೊಟ್ಟು ಲಕ್ಷ್ಮಕ್ಕನ ಕಾವಲಿಗೆ ಹೋದದ್ದು

ಒಂದು ಜೊತೆ ಬೂಟು, ಒಂದು ಜೊತೆ ಪೆಡಲು. ಇವನ್ನು ಆರಿಸುವುದಕ್ಕೆ ಎಷ್ಟು ಬುದ್ಧಿ ಬೇಕು? ನನ್ನಲ್ಲಿರುವುದರಲ್ಲಿ ಕಾಲು ಭಾಗ ಧಾರಾಳವಾಗಿ ಸಾಕು ಎಂದುಕೊಂಡೇ ಆ ಸಂಜೆ ಮನೆಯಿಂದ ಹೊರಟೆ. ಸೋಲದೇವನಹಳ್ಳಿ ಕಡೆಯ ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುವವನು ನಾನು. ಕೋನ, ವೇಗ, ಸಮತೋಲ ಎಲ್ಲ ಬೋರ್ಡಿನ ಮೇಲೆ ನನ್ನ ಮಾತು ಕೇಳುತ್ತವೆ. ಅಂಥವನಿಗೆ ಸೈಕಲ್ ಬೂಟು ಯಾವ ಲೆಕ್ಕ!

ಜೊತೆಗೆ ಬಂದವರು ಲಕ್ಷ್ಮಕ್ಕ. ಪೂರ್ತಿ ಹೆಸರು ಮುನಿಲಕ್ಷ್ಮಮ್ಮ. ಬ್ಯಾಟರಾಯನಪುರದಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆ ಇರುವವರು. ನಮ್ಮ ಬೀದಿ ಇರುವ ಜಾಗದಲ್ಲಿ ಹಿಂದೆ ಅವರ ಮಾವನವರ ದ್ರಾಕ್ಷಿ ತೋಟ ಇತ್ತಂತೆ. ಈಗ ಮಗ ಮಂಜುನಾಥ ಅಲ್ಲೇ ಫ್ಲ್ಯಾಟು ಕಟ್ಟಿಸುತ್ತಾನೆ. ಲಕ್ಷ್ಮಕ್ಕನಿಗೆ ಅರವತ್ತು ದಾಟಿದೆ. ಮಂಡಿ ಹಿಡಿದುಕೊಳ್ಳುತ್ತದೆ ಎಂದು ಡಾಕ್ಟರ ಹತ್ತಿರ ಹೋದಾಗ ಅವರು ಸೈಕಲ್ ತುಳಿಯಿರಿ ಎಂದರು. ಮಗ ಹಾಲಿನಲ್ಲಿ ನಿಂತಲ್ಲೇ ತುಳಿಯುವ ಸೈಕಲ್ ತಂದಿಟ್ಟ. ಅಕ್ಕ ಒಂದು ದಿನ ತುಳಿದು, "ಎಷ್ಟು ತುಳುದ್ರೂ ಎದುರ್ಗಡೆ ಅದೇ ಗೋಡೆ ಕಣ್ಲಾ ಮಂಜ!" ಎಂದು ಇಳಿದುಬಿಟ್ಟರು. ಕೆಲವು ದಿನಗಳಲ್ಲೇ ಅವರ ಅಂಗಳದಲ್ಲಿ ತೆಳು ಟಯರಿನ, ಬಗ್ಗಿದ ಹ್ಯಾಂಡಲಿನ, ರೇಸಿನವರು ಓಡಿಸುವಂಥ ಸೈಕಲ್ ನಿಂತಿತ್ತು. ಬೀದಿಯ ಜನ ಮೊದಲು ನಕ್ಕರು. ಲಕ್ಷ್ಮಕ್ಕ ಯಲಹಂಕದವರೆಗೂ ಹೋಗಿ ಕಾಫಿ ಆರುವುದರೊಳಗೆ ವಾಪಸ್ ಬಂದದ್ದನ್ನು ನೋಡಿ ನಗುವುದನ್ನು ನಿಲ್ಲಿಸಿದರು. ನಾನು ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿ ಅಂಥದೇ ಸೈಕಲ್ ಕೊಂಡೆ.

ಅಕ್ಕನ ತವರು ನಂದಿ ಬೆಟ್ಟದ ಬುಡದ ಹಳ್ಳಿ. ಹುಡುಗಿಯಾಗಿದ್ದಾಗ ಅಪ್ಪನ ದೊಡ್ಡ ಸೈಕಲ್ಲಿನ ಕಂಬಿ ಸಂದಿಯಲ್ಲಿ ಕಾಲು ತೂರಿಸಿ ತುಳಿಯುತ್ತ ಸೊಪ್ಪಿನ ಗಂಟು ಸಾಗಿಸುತ್ತಿದ್ದರಂತೆ. ಬೆಟ್ಟದ ರಸ್ತೆ ಬಂದಾಗ ಮಾತ್ರ ಇಳಿದು ತಳ್ಳುವುದೇ.

"ಒಂದ್ಸಲ ಆ ಬೆಟ್ಟಾನ ಕೆಳಗಿಂದ ಮೇಲ್ಗಂಟ ಕಾಲು ಊರ್ದಂಗೆ ಅತ್ಬೇಕು ಮೇಷ್ಟ್ರೇ. ಇನ್ನೇನೂ ಆಸೆ ಇಲ್ಲ ನಂಗೆ" ಎನ್ನುತ್ತಿದ್ದರು.

ಮಂಜುನಾಥ ಸುಲಭಕ್ಕೆ ಒಪ್ಪುವ ಮಗನಲ್ಲ. ಹೆದ್ದಾರಿ, ಲಾರಿ, ಅಮ್ಮನ ವಯಸ್ಸು ಎಲ್ಲವನ್ನೂ ಮುಂದಿಟ್ಟ. ಕೊನೆಗೆ ಸೋತು ನನ್ನ ಕಡೆ ತಿರುಗಿದ. "ಮೇಷ್ಟ್ರು ಜೊತೇಲಿ ಇದ್ರೆ ಹೋಗಮ್ಮ. ಅವ್ರು ಜವಾಬ್ದಾರಿ ಇರೋ ಮನುಷ್ಯ. ಆದ್ರೆ ಏನಾದ್ರೂ ಹೆಚ್ಚುಕಮ್ಮಿ ಆಯ್ತೋ, ಮಾರನೇ ದಿನಾನೇ ಸೈಕಲ್ ಮಾರಿಬಿಡ್ತೀನಿ."

ಜವಾಬ್ದಾರಿ ಇರುವ ಮನುಷ್ಯ! ನನ್ನ ಹೆಂಡತಿ ಸುಧಾ ಮದುವೆಯಾದ ಮೇಲೆ ಇಲ್ಲಿಯವರೆಗೆ ಒಮ್ಮೆಯೂ ಬಳಸದ ಪದ. ನನ್ನ ಎದೆ ಉಬ್ಬಿ ಅಂಗಿಯ ಗುಂಡಿಗಳು ಬಿಗಿಯಾದವು.

ಬೆಟ್ಟ ಹತ್ತುವುದಕ್ಕೆ ಮಾಮೂಲಿ ಪೆಡಲಿಗಿಂತ ಕ್ಲಿಪ್‌ಲೆಸ್ ಪೆಡಲು ಒಳ್ಳೆಯದೆಂದು ಕೇಳಿದ್ದೆವು. ಹೆಸರು ನೋಡಿದರೆ ಇದರಲ್ಲಿ ಕ್ಲಿಪ್ಪು ಇಲ್ಲ ಎಂದು ತಿಳಿಯಬೇಕು. ಆದರೆ ಅದು ಮಾಡುವ ಕೆಲಸವೆಲ್ಲ ಕ್ಲಿಪ್ಪಿನದೇ! ಬೂಟಿನ ತಳದಲ್ಲಿ ಕ್ಲೀಟ್ ಎಂಬ ಬಿಲ್ಲೆ ಇರುತ್ತದೆ. ಪೆಡಲಿನ ಮೇಲಿಟ್ಟು ಒತ್ತಿದರೆ ಟಕ್ಕೆಂದು ಕಚ್ಚಿಕೊಳ್ಳುತ್ತದೆ. ಬಿಡಿಸಿಕೊಳ್ಳಬೇಕೆಂದರೆ ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು. ಅದೂ ಸೈಕಲ್ ನಿಲ್ಲುವ ಮೊದಲೇ. ನಿಂತ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಈ ಕೊನೆಯ ಮಾತನ್ನು ಅಂಗಡಿಯವನು ಹೇಳುವಾಗ ನಾನು ಕನ್ನಡಿಯಲ್ಲಿ ಬೂಟಿನ ಅಂದ ನೋಡಿಕೊಳ್ಳುತ್ತಿದ್ದೆ.

ಸಹಕಾರನಗರದ ಆ ಅಂಗಡಿಯಲ್ಲಿ ಎರಡು ಜಾತಿಯ ಬೂಟುಗಳಿದ್ದವು. ಒಂದರಲ್ಲಿ ಸಣ್ಣ ಕಬ್ಬಿಣದ ಬಿಲ್ಲೆ ತಳದೊಳಗೆ ಹುದುಗಿರುತ್ತದೆ. ಹಾಕಿಕೊಂಡು ನಡೆಯಬಹುದು, ಪೆಡಲಿನ ಯಾವ ಮಗ್ಗುಲಿಗೆ ಕಾಲಿಟ್ಟರೂ ಕಚ್ಚುತ್ತದೆ. ಇನ್ನೊಂದರಲ್ಲಿ ದೊಡ್ಡ ಪ್ಲಾಸ್ಟಿಕ್ ಬಿಲ್ಲೆ ಹೊರಗೆ ಚಾಚಿಕೊಂಡಿರುತ್ತದೆ. ತಳ ಹಲಗೆಯಂತೆ ಗಟ್ಟಿ.

"ಹೊಸಬರಿಗೆ ಸಣ್ಣ ಬಿಲ್ಲೆದೇ ಸರಿ ಸಾರ್" ಎಂದ ಅಂಗಡಿಯವನು.

ನನ್ನ ಕಣ್ಣು ಆಗಲೇ ಗಾಜಿನ ಬೀರುವಿನಲ್ಲಿದ್ದ ಹೊಳೆಯುವ ಕೆಂಪು ಬೂಟಿನ ಮೇಲೆ ನೆಟ್ಟಿತ್ತು.

"ಅದು ರೇಸಿನವ್ರದು ಸಾರ್. ನಡೆಯೋಕೆ ಕಷ್ಟ."

"ನಾನು ತಗೊಳ್ತಿರೋದು ನಡೆಯೋಕಲ್ಲಪ್ಪ, ತುಳಿಯೋಕೆ!"

ನನ್ನ ಮಾತು ನನಗೇ ಬಹಳ ಹಿಡಿಸಿತು. ಬೂಟು ಸ್ವಲ್ಪ ಬಿಗಿಯಾಯಿತು. ರೇಸಿನ ಬೂಟು ಬಿಗಿಯಾಗೇ ಇರಬೇಕು ಎಂದು ನನಗೆ ಹೇಳಿದವರು ಯಾರೂ ಇಲ್ಲ, ನಾನೇ ಹೇಳಿಕೊಂಡೆ.

ಲಕ್ಷ್ಮಕ್ಕ ಆರಿಸಿದ್ದು ಬೇರೆ ರೀತಿ. ಸಂಜೆ ಹೊತ್ತಿಗೆ ಪಾದ ಊದಿರುತ್ತದೆ, ಆಗಲೇ ಅಳತೆ ನೋಡಬೇಕೆಂದು ನಮ್ಮನ್ನು ಸಂಜೆ ಹೊರಡಿಸಿದ್ದೇ ಅವರು. ಮನೆಯಿಂದ ದಪ್ಪ ಕಾಲುಚೀಲ ತಂದಿದ್ದರು. ಒಂದೊಂದು ಬೂಟನ್ನೂ ಹಾಕಿಕೊಂಡು ಅಂಗಡಿಯ ಉದ್ದಕ್ಕೂ ನಡೆದರು, ಮೆಟ್ಟಿಲು ಹತ್ತಿಳಿದರು, ಕುಕ್ಕರುಗಾಲಿನಲ್ಲಿ ಕೂತು ಎದ್ದರು. "ಇದಾಕ್ಕಂಡು ಸೊಪ್ಪಿನ ಅಂಗ್ಡಿ ಮುಂದೆ ನಿಂತು ಚೌಕಾಸಿ ಮಾಡ್ಬೋದಾ?" ಎಂದು ಕೇಳಿದರು. ಕೊನೆಗೆ ಮಂಕು ಬೂದಿ ಬಣ್ಣದ, ಸಣ್ಣ ಬಿಲ್ಲೆಯ ಬೂಟು ತೆಗೆದುಕೊಂಡು ಅಲ್ಲೇ ಕೂತು ಬೂಟಿಗೆ ಬಿಲ್ಲೆ, ಸೈಕಲ್ಲಿಗೆ ಪೆಡಲು ಎರಡನ್ನೂ ಅಂಗಡಿಯವನ ಕೈಯಿಂದಲೇ ಹಾಕಿಸಿಕೊಂಡರು. ಪಾಪ, ಹಳೆಯ ಕಾಲದವರು ಎಂದುಕೊಂಡು ನಾನು ನನ್ನ ಡಬ್ಬ ಎತ್ತಿಕೊಂಡು ಹೊರಟೆ. ಗಣಿತದ ಮೇಷ್ಟರಿಗೆ ಸ್ಕ್ರೂ ತಿರುಗಿಸಲು ಇನ್ನೊಬ್ಬರು ಬೇಕೇ?

ಮನೆಯಲ್ಲಿ ಬೂಟು ತೊಟ್ಟು ಹಾಲಿನಲ್ಲಿ ಎರಡು ಸುತ್ತು ಹಾಕಿದೆ. ಮುಂಗಾಲು ಮೇಲೆ, ಹಿಮ್ಮಡಿ ಕೆಳಗೆ, ಟಕ್ಕು ಟಕ್ಕು ಸದ್ದು. ಸುಧಾ ಬಟಾಣಿ ಸುಲಿಯುವುದನ್ನು ನಿಲ್ಲಿಸಿ ನೋಡಿದಳು.

"ಏನ್ರೀ ಇದು, ಬಾತುಕೋಳಿಗೆ ಟೊಮೆಟೊ ಕಟ್ಟಿದ ಹಾಗಿದೆ!"

"ಇದು ಕಾರ್ಬನ್ ತಳ ಕಣೇ."

"ಆಗ್ಲಿ. ಮೊಸಾಯಿಕ್ ಮೇಲೆ ಗೀರು ಬಿದ್ರೆ ನೀವೇ ಒರೆಸ್ಬೇಕು."

ಪೆಡಲಿನಲ್ಲಿ ಒಂದು ಪುಟ್ಟ ಸ್ಕ್ರೂ ಇದೆ. ಅದನ್ನು ಬಿಗಿ ಮಾಡಿದಷ್ಟೂ ಪೆಡಲು ಗಟ್ಟಿಯಾಗಿ ಕಚ್ಚುತ್ತದೆ. ಹೊಸದರಲ್ಲಿ ಸಡಿಲವಾಗಿಡಿ ಎಂದು ಅಂಗಡಿಯವನು ಹೇಳಿದ್ದ. ಸಡಿಲ ಎಂಬ ಮಾತೇ ನನಗಾಗದು. ತಿರುಗುವಷ್ಟೂ ತಿರುಗಿಸಿದೆ. ಬೂಟಿನ ತಳದ ಬಿಲ್ಲೆಗೆ ಮೂರು ಸ್ಕ್ರೂಗಳಿದ್ದವು. ಅಷ್ಟರಲ್ಲಿ ಸುಧಾ ಊಟಕ್ಕೆ ಕರೆದಳು, ಕೈಗೆ ಬಂದಷ್ಟು ತಿರುಗಿಸಿ ಎದ್ದೆ. ಒಟ್ಟಿನಲ್ಲಿ ಸಡಿಲ ಇರಬೇಕಾದ್ದನ್ನು ಬಿಗಿ ಮಾಡಿದ್ದೆ, ಬಿಗಿ ಇರಬೇಕಾದ್ದನ್ನು ಸಡಿಲ ಬಿಟ್ಟಿದ್ದೆ. ಇದು ಆಗ ನನಗೆ ತಿಳಿದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಗೇಟು ಹಿಡಿದು ಸೈಕಲ್ ಹತ್ತಿ ಎರಡೂ ಕಾಲನ್ನು ಕಚ್ಚಿಸಿದೆ. ಟಕ್. ಟಕ್. ಎಂಥ ಮಧುರ ನಾದ! ಗೇಟು ಬಿಟ್ಟೆ. ಸೈಕಲ್ ಮುಂದೆ ಹೋಗಬೇಕಾದರೆ ತುಳಿಯಬೇಕು ಎಂಬುದು ಆ ಸಂತೋಷದಲ್ಲಿ ಮರೆತೇ ಹೋಯಿತು.

ಈ ಬೀಳುವಿಕೆ ಬೇರೆ ಬೀಳುವಿಕೆಗಳಂತಲ್ಲ. ಇದರಲ್ಲಿ ವೇಗವೇ ಇಲ್ಲ. ಮನುಷ್ಯ ಸೈಕಲ್ ಸಮೇತ ನಿಧಾನವಾಗಿ, ಗೌರವಯುತವಾಗಿ ಒಂದು ಕಡೆಗೆ ವಾಲುತ್ತಾನೆ. ಬೀಳುವವನಿಗೂ ನೋಡುವವರಿಗೂ ಪರಸ್ಪರ ಮುಖ ನೋಡಿಕೊಳ್ಳಲು ಬೇಕಾದಷ್ಟು ಸಮಯ ಸಿಗುತ್ತದೆ. ನಾನು ಸುಧಾಳ ಮುಖವನ್ನು ಪೂರ್ತಿಯಾಗಿ ನೋಡಿ ಮುಗಿಸಿ, ಅವಳ ದೊಡ್ಡಪತ್ರೆ ಕುಂಡದ ಮೇಲೆ ಬಿದ್ದೆ. ಮಧ್ಯಾಹ್ನದ ಊಟಕ್ಕೆ ದೊಡ್ಡಪತ್ರೆ ಚಟ್ನಿ ಇತ್ತು.

ಲಕ್ಷ್ಮಕ್ಕನೂ ಮೊದಲ ದಿನ ಬಿದ್ದರಂತೆ. ನನಗೆ ತಿಳಿದು ಎಷ್ಟು ಸಮಾಧಾನವಾಯಿತು! ಆದರೆ ಅವರು ಬಿದ್ದದ್ದು ಮೈದಾನದ ಹುಲ್ಲಿನ ಮೇಲೆ, ಬೀಳುವುದಕ್ಕೆಂದೇ ಹೋಗಿ. "ಬಿದ್ದ ಜಾಗದಾಗೇ ಎದ್ದು, ಕಚ್ಸೋದು ಬಿಡ್ಸೋದು, ಕಚ್ಸೋದು ಬಿಡ್ಸೋದು. ಇಮ್ಮಡಿಗೇ ಅಭ್ಯಾಸ ಆಗ್ಬಿಡ್ತು. ನೀವೂ ಆ ಸ್ಕ್ರೂ ಒಸಿ ಸಡ್ಲ ಮಾಡ್ಕಳಿ ಮೇಷ್ಟ್ರೇ" ಎಂದರು. ನಾನು ಅವರಿಗೆ ಘರ್ಷಣೆಯ ಬಗ್ಗೆ ಒಂದು ಸಣ್ಣ ಉಪನ್ಯಾಸ ಕೊಟ್ಟೆ. ಅವರು ತಾಳ್ಮೆಯಿಂದ ಕೇಳಿದರು. ದೊಡ್ಡ ಮನಸ್ಸು.

ಆ ವಾರವೇ ಇಬ್ಬರೂ ಕೊಡಿಗೇಹಳ್ಳಿ ಕಡೆ ಅಭ್ಯಾಸಕ್ಕೆ ಹೊರಟೆವು. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಹಿಮ್ಮಡಿ ತಿರುಗಿಸಿದೆ. ಬರಲಿಲ್ಲ. ಮತ್ತೆ ತಿರುಗಿಸಿದೆ. ಬರಲಿಲ್ಲ! ವಾಲಲು ಶುರುವಾಗುವಷ್ಟರಲ್ಲಿ ಪಕ್ಕದಲ್ಲೊಂದು ಆಟೋ ಬಂದು ನಿಂತಿತು. ದೇವರೇ ಕಳಿಸಿದ ಎಂದು ಅದರ ಕಂಬಿ ಹಿಡಿದುಕೊಂಡೆ. ಎಷ್ಟು ಸೊಗಸಾದ ಉಪಾಯ! ಕಾಲು ಬಿಡಿಸುವ ಗೋಜೇ ಇಲ್ಲ. ಆಟೋ ಎಂಬುದು ಹಸಿರು ದೀಪಕ್ಕೆ ಚಲಿಸುವ ವಸ್ತು ಎಂಬುದು ಮಾತ್ರ ಲೆಕ್ಕಕ್ಕೆ ಬಂದಿರಲಿಲ್ಲ.

ಆಟೋ ಹೊರಟಿತು. ನಾನೂ ಹೊರಟೆ. ಡ್ರೈವರು ಕನ್ನಡಿಯಲ್ಲಿ ನನ್ನನ್ನು ನೋಡಿದ.

"ಎಲ್ಲಿಗ್ ಹೋಗ್ಬೇಕು ಗುರು?"

"ಎಲ್ಲಿಗೂ ಇಲ್ಲಪ್ಪ! ಕಾಲು ಸಿಕ್ಕಾಕ್ಕೊಂಡಿದೆ!"

"ಹಂಗಾದ್ರೆ ಗಾಡಿ ಬಿಡಿ!"

"ಬಿಟ್ರೆ ಬೀಳ್ತೀನಿ!"

"ಬಿಡ್ದಿದ್ರೆ ಹೆಬ್ಬಾಳಕ್ಕೆ ಬರ್ತೀರಾ?"

ಹಿಂದಿನಿಂದ ಲಕ್ಷ್ಮಕ್ಕ "ಮೇಷ್ಟ್ರೇ, ಇಮ್ಮಡಿ! ಇಮ್ಮಡಿ!" ಎಂದು ಕೂಗುತ್ತ ಬರುತ್ತಿದ್ದರು. ಡ್ರೈವರು ಒಳ್ಳೆಯವನು. ಮೆಲ್ಲಗೆ ರಸ್ತೆ ಬದಿಗೆ ಬಂದು, ಇಳಿದು, ನನ್ನನ್ನು ಎರಡು ಕೈಯಿಂದ ಹಿಡಿದು ಒಂದು ದೀಪದ ಕಂಬಕ್ಕೆ ಒರಗಿಸಿದ. ಮನೆ ಬದಲಾಯಿಸುವಾಗ ಬೀರು ಒರಗಿಸುತ್ತಾರಲ್ಲ, ಹಾಗೆ. ನಾನು ಅಲ್ಲಾಡುತ್ತೇನೇನೋ ಎಂದು ಎರಡು ಸಲ ಅಲುಗಿಸಿಯೂ ನೋಡಿ ಹೋದ.

ಇಷ್ಟಾದ ಮೇಲೂ ನಾನು ಸ್ಕ್ರೂ ಸಡಿಲ ಮಾಡಲಿಲ್ಲ. ಮಾಡಿದ್ದರೆ ಲಕ್ಷ್ಮಕ್ಕ ಹೇಳಿದ್ದು ಸರಿ ಎಂದಾಗುತ್ತಿತ್ತಲ್ಲ!

ಕಾಲೇಜಿಗೆ ರಜೆ ಇದ್ದ ಒಂದು ಸೋಮವಾರ ಬೆಳಕು ಹರಿಯುವಾಗ ಹೊರಟೆವು. ಲಕ್ಷ್ಮಕ್ಕ ಹೆಲ್ಮೆಟ್ಟಿನ ಕೆಳಗೆ ಕನಕಾಂಬರ ಮುಡಿದಿದ್ದರು. ಮಂಜುನಾಥ ಗೇಟಿನ ಹತ್ತಿರ ನಿಂತು, "ಮೇಷ್ಟ್ರೇ, ಅಮ್ಮ ನಿಮ್ಮ ಜವಾಬ್ದಾರಿ" ಎಂದ. ನಾನು ಕಣ್ಣು ಮುಚ್ಚಿ ತಲೆಯಾಡಿಸಿದೆ. ಸುಧಾ ನನ್ನ ಜೇಬಿಗೆ ಗಾಯದ ಪಟ್ಟಿ ತುರುಕಿದಳು.

ಯಲಹಂಕ ದಾಟಿದ ಮೇಲೆ ನಾನು ಕಾವಲಿನವನಂತೆ ಹಿಂದೆ ಉಳಿದೆ. ನಿಜ ಹೇಳಬೇಕೆಂದರೆ ಮುಂದೆ ಹೋಗಲು ಆಗುತ್ತಿರಲಿಲ್ಲ. ಅಕ್ಕ ಒಂದೇ ಹದದಲ್ಲಿ ತುಳಿಯುತ್ತಿದ್ದರು. ಏರು ಬಂದರೂ ಅದೇ ಹದ, ಲಾರಿ ಪಕ್ಕದಲ್ಲೇ ಹೋದರೂ ಅದೇ ಹದ. ಹೊಂಡ ಕಂಡರೆ ನನಗಾಗಿ ಕೈ ತೋರಿಸುತ್ತಿದ್ದರು. ತಲೆಯ ಮೇಲೆ ವಿಮಾನವೊಂದು ಇಳಿದು ಹೋದಾಗ ಕತ್ತೆತ್ತಿ ನೋಡಿ, "ಅದ್ರಾಗೆ ಕೂತೋರ್ಗೆ ಈ ಗಾಳಿ ಎಲ್ಲಿ ಸಿಗ್ತದೆ ಮೇಷ್ಟ್ರೇ!" ಎಂದು ನಕ್ಕರು. ನನ್ನ ಬೆರಳುಗಳು ಕೆಂಪು ಬೂಟಿನೊಳಗೆ ಒಂದರ ಮೇಲೊಂದು ಹತ್ತಿ ಕೂತು ಅಳುತ್ತಿದ್ದವು. "ಹೌದಕ್ಕಾ, ಎಂಥ ಗಾಳಿ!" ಎಂದೆ.

ಬೆಟ್ಟದ ಬುಡದಲ್ಲಿ, ಏರು ಶುರುವಾಗುವ ಕಡೆ, ನೀರು ಕುಡಿಯಲು ಲಕ್ಷ್ಮಕ್ಕ ಸಲೀಸಾಗಿ ಹಿಮ್ಮಡಿ ತಿರುಗಿಸಿ ನಿಂತರು. ಮುಸುಕಿನ ಜೋಳ ಸುಡುವ ಹೆಂಗಸೊಬ್ಬಳು ಒಲೆ ಹೊತ್ತಿಸುತ್ತಿದ್ದಳು. ನಾನೂ ಬಲಗಾಲಿನ ಹಿಮ್ಮಡಿ ತಿರುಗಿಸಿದೆ. ಸುಲಭವಾಗಿ ತಿರುಗಿತು! ಆಹಾ, ಕೊನೆಗೂ ಕಲಿತೆ ಎಂದುಕೊಂಡೆ. ಇನ್ನೂ ತಿರುಗಿಸಿದೆ. ಇನ್ನೂ ತಿರುಗಿತು. ಬೂಟು ಗಡಿಯಾರದ ಮುಳ್ಳಿನಂತೆ ತಿರುಗುತ್ತಿತ್ತು, ಆದರೆ ಪೆಡಲು ಬಿಡುತ್ತಿರಲಿಲ್ಲ. ಬಿಲ್ಲೆಯ ಸ್ಕ್ರೂಗಳು ದಾರಿಯಲ್ಲೆಲ್ಲೋ ಉದುರಿ, ಒಂದೇ ಉಳಿದಿತ್ತು. ಬಿಲ್ಲೆ ಪೆಡಲಿಗೆ ಕಚ್ಚಿಕೊಂಡು ಕೂತಿತ್ತು, ಬೂಟು ಅದರ ಮೇಲೆ ಸುಮ್ಮನೆ ಗಿರಕಿ ಹೊಡೆಯುತ್ತಿತ್ತು.

ನಾನು ವಾಲತೊಡಗಿದೆ. ಜೋಳದ ಹೆಂಗಸು ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಅವಳು ಅವಸರವಿಲ್ಲದೆ ಎದ್ದು, ತನ್ನ ಬುಟ್ಟಿಯನ್ನು ಆಚೆಗೆ ಎಳೆದುಕೊಂಡಳು. ಖಾಲಿಯಾದ ಆ ಜಾಗದಲ್ಲಿ ನಾನು ಮಲಗಿದೆ.

ಲಕ್ಷ್ಮಕ್ಕ ಓಡಿ ಬಂದರು. ಹೌದು, ಓಡಿ! ಆ ಬೂದಿ ಬಣ್ಣದ ಬೂಟಿನಲ್ಲಿ ಓಡಲೂ ಬರುತ್ತಿತ್ತು. ನೋಯುವ ಮಂಡಿಯನ್ನು ನೆಲಕ್ಕೂರಿ ನನ್ನ ಬೂಟಿನ ಪಟ್ಟಿ ಬಿಚ್ಚಿ, ಪಾದವನ್ನು ಹೊರಗೆಳೆದರು. ಮೊಣಕೈ ತರಚಿತ್ತು. ಸುಧಾ ಕೊಟ್ಟ ಪಟ್ಟಿ ಅಂಟಿಸಿದರು. ಎಡಗಾಲನ್ನು ಇಬ್ಬರೂ ಸೇರಿ ತಿರುಗಿಸಿ ಬಿಡಿಸಿದೆವು. ಬಲಗಾಲಿನ ಬೂಟು ಮಾತ್ರ ಪೆಡಲಿನಲ್ಲೇ ಉಳಿಯಿತು.

"ನಡೀರಿ ಮೇಷ್ಟ್ರೇ, ವಾಪಸ್ ಓಗೋಣ. ಯಾವ್ದಾದ್ರೂ ಗಾಡಿ ಮಾಡ್ತೀನಿ" ಎಂದರು. ಎಂದವರು ಒಂದೇ ಒಂದು ಸಲ ತಲೆಯೆತ್ತಿ ಬೆಟ್ಟವನ್ನು ನೋಡಿದರು. ನೋಡಿ, ಬೇಗ ಕಣ್ಣು ಕೆಳಗಿಳಿಸಿ ಸೆರಗಿಲ್ಲದಿದ್ದರೂ ಸೆರಗು ಹುಡುಕುವವರಂತೆ ಕುರ್ತಾದ ಅಂಚು ಹಿಡಿದುಕೊಂಡರು.

ನನ್ನ ಮೊಣಕೈಯ ಉರಿಗಿಂತ ಅದು ಹೆಚ್ಚು ಉರಿಯಿತು. "ಅಕ್ಕಾ, ನೀವು ಹತ್ತಿ. ನಾನು ಇಲ್ಲೇ ಇರ್ತೀನಿ."

"ನಿಮ್ಮನ್ನ ಇಂಗೆ ಬಿಟ್ಟಾ? ಮಂಜಂಗೆ ಏನ್ ಏಳ್ಲಿ?"

ಹೆಸರೆತ್ತಿದ್ದಕ್ಕೋ ಏನೋ, ನನ್ನ ಫೋನು ಮೊಳಗಿತು. ಮಂಜುನಾಥನೇ!

"ಅಮ್ಮ ಹೆಂಗಿದ್ದಾರೆ ಮೇಷ್ಟ್ರೇ?"

"ಚೆನ್ನಾಗಿದ್ದಾರೆ" ಎಂದೆ. ಅದು ಅಕ್ಷರಶಃ ಸತ್ಯ. ನಾನು ಹೇಗಿದ್ದೇನೆ ಎಂದು ಅವನು ಕೇಳಲಿಲ್ಲ.

"ಮನಸ್ಸು ತಡೀಲಿಲ್ಲ. ಕಾರಲ್ಲಿ ಹೊರಟುಬಿಟ್ಟೆ. ದೇವನಹಳ್ಳಿ ದಾಟಿದೀನಿ."

ಫೋನಿಟ್ಟು, "ಅಕ್ಕಾ, ಅವನು ಬಂದು ನನ್ನ ಈ ಅವತಾರ ನೋಡಿದ್ರೆ ನಿಮ್ಮನ್ನ ಕಾರು ಹತ್ತಿಸ್ತಾನೆ. ಸೈಕಲ್ಲೂ ಹೋಯ್ತು, ಬೆಟ್ಟಾನೂ ಹೋಯ್ತು. ಹೊರಡಿ!" ಎಂದೆ. ಲಕ್ಷ್ಮಕ್ಕ ಹೆಲ್ಮೆಟ್ಟಿನ ಪಟ್ಟಿ ಬಿಗಿದು ಸೈಕಲ್ ಹತ್ತಿದರು. ಮೊದಲ ತಿರುವಿನಲ್ಲಿ ಕನಕಾಂಬರ ಒಂದು ಕ್ಷಣ ಕಂಡು ಮರೆಯಾಯಿತು.

ಒಂದು ಕಾಲಿಗೆ ಕೆಂಪು ಬೂಟು, ಇನ್ನೊಂದಕ್ಕೆ ಬರೀ ಕಾಲುಚೀಲ ತೊಟ್ಟು ಜೋಳದ ಒಲೆಯ ಪಕ್ಕ ಕೂತಿದ್ದಾಗ ಮಂಜುನಾಥನ ಕಾರು ಬಂತು. ಇಳಿದವನೇ ಬಿದ್ದಿದ್ದ ಸೈಕಲ್ಲು, ಅದರಲ್ಲಿ ನೇತಾಡುವ ಬೂಟು, ನನ್ನ ಮೊಣಕೈಯ ಪಟ್ಟಿ ಎಲ್ಲ ನೋಡಿದ.

"ಅಮ್ಮ ಎಲ್ಲಿ?"

ನಾನು ಕೈಯನ್ನು ಆಕಾಶದ ಕಡೆ ಎತ್ತಿ, "ಮೇಲೆ ಹೋದ್ರು" ಎಂದೆ.

ಅವನ ಮುಖ ಸುಣ್ಣದಂತಾಯಿತು. ಕಾರಿನ ಬಾಗಿಲು ಹಿಡಿದುಕೊಂಡ.

"ಬೆಟ್ಟದ ಮೇಲೆ ಕಣಪ್ಪ! ಸೈಕಲ್ ತುಳ್ಕೊಂಡು!"

ಜೋಳದ ಹೆಂಗಸು ನನ್ನನ್ನು ನೋಡಿದ ನೋಟವನ್ನು ಇಲ್ಲಿ ವಿವರಿಸುವುದಿಲ್ಲ.

ಅವನು ನನ್ನನ್ನು ಕಾರಿಗೆ ಹಾಕಿಕೊಂಡು, ಸೈಕಲ್ಲನ್ನು ಹಿಂದೆ ತುರುಕಿ ಹೊರಟ. ತಿರುವಿನ ಮೇಲೆ ತಿರುವು. ಏರು ಜೋರಾದ ಕಡೆ ಬಣ್ಣಬಣ್ಣದ ಬನಿಯನ್ ತೊಟ್ಟ ಗಟ್ಟಿಮುಟ್ಟಾದ ಹುಡುಗರು ಸೈಕಲ್ಲಿಂದಿಳಿದು ತಳ್ಳುತ್ತಿದ್ದರು. ಅವರ ಪಕ್ಕದಲ್ಲೇ ಹಾದು, ಮುಂದಿನ ತಿರುವಿನಲ್ಲಿ, ಲಕ್ಷ್ಮಕ್ಕ ಕಂಡರು.

ನಡೆಯುವವರಷ್ಟೇ ನಿಧಾನ. ಬೆನ್ನು ಬೆವರಿಗೆ ಒದ್ದೆಯಾಗಿತ್ತು. ಮುಂದಿನ ಚಕ್ರ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಾಡುತ್ತಿತ್ತು. ಆದರೆ ಎರಡೂ ಕಾಲು ಪೆಡಲಿನ ಮೇಲಿದ್ದವು, ತಿರುಗುತ್ತಲೇ ಇದ್ದವು. ಮಂಜುನಾಥ ಕಿಟಕಿ ಇಳಿಸಿ ಕೂಗಲು ಬಾಯಿ ತೆರೆದ. ನಾನು ಅವನ ತೋಳು ಹಿಡಿದೆ.

"ಬೇಡ ಮಂಜು. ಈಗ ಕೂಗಿದ್ರೆ ಅವ್ರು ಉತ್ತರ ಕೊಡ್ಬೇಕು. ಆ ಉಸಿರು ಅವ್ರಿಗೆ ಬೇಕು."

ಅವನು ಬಾಯಿ ಮುಚ್ಚಿದ. ದೂರದಿಂದಲೇ ಹಿಂಬಾಲಿಸಿದೆವು. ತೀರ ಕಡಿದಾದ ತಿರುವಿನಲ್ಲಿ ಸೈಕಲ್ ನಿಂತೇ ಹೋಯಿತು ಅನ್ನಿಸಿತು. ಕಾರಿನಲ್ಲಿ ಕೂತ ನನ್ನ ಹಿಮ್ಮಡಿ ತಾನಾಗಿ ಹೊರಕ್ಕೆ ತಿರುಗಿತು! ಲಕ್ಷ್ಮಕ್ಕ ಸೀಟಿನಿಂದ ಎದ್ದು ನಿಂತರು. ಮೈಯ ಭಾರವನ್ನೆಲ್ಲ ಒಂದು ಕಾಲಿಗೆ ಹಾಕಿದರು, ಆಮೇಲೆ ಇನ್ನೊಂದಕ್ಕೆ. ಚಕ್ರ ಉರುಳಿತು. ಮಂಜುನಾಥ ಸ್ಟಿಯರಿಂಗನ್ನು ಗುದ್ದಿ, "ತುಳಿಯಮ್ಮಾ!" ಎಂದು ಒಳಗೊಳಗೇ ಅಂದ. ಅವನ ಕಣ್ಣು ತುಂಬಿತ್ತು. ನಾನು ರಸ್ತೆ ನೋಡುವವನಂತೆ ಆಚೆ ತಿರುಗಿದೆ. ನನ್ನ ಕಣ್ಣಿನ ಸ್ಥಿತಿಯೂ ಏನೂ ಚೆನ್ನಾಗಿರಲಿಲ್ಲ.

ಬೆಟ್ಟದ ಮೇಲಿನ ಕೋಟೆ ಬಾಗಿಲಿನ ಹತ್ತಿರ ಲಕ್ಷ್ಮಕ್ಕ ಹಿಮ್ಮಡಿ ತಿರುಗಿಸಿ ಕಾಲೂರಿದರು. ಬಹಳ ಹೊತ್ತು ಹ್ಯಾಂಡಲಿನ ಮೇಲೆ ತಲೆಯಿಟ್ಟು ಉಸಿರಾಡಿದರು. ಆಮೇಲೆ ಕಟ್ಟೆಯ ಹತ್ತಿರ ಹೋಗಿ ಕೆಳಗಿನ ಬಯಲನ್ನು ನೋಡಿ, ಕೈ ಚಾಚಿ ತೋರಿಸಿದರು. "ಅಗೋ ನಮ್ಮೂರು. ಅಷ್ಟೇ ಅಷ್ಟು ಐತೆ ನೋಡ್ಲಾ!"

ಆಮೇಲೆ ಮಗನ ನೆನಪಾಯಿತು. "ಅದ್ಸರಿ, ಕಾರ್ ಯಾಕ್ ತಂದೆ? ನನ್ನ ಎತ್ತಾಕ್ಕಂಡು ಓಗಾಕಾ?"

ಮಂಜುನಾಥ ನನ್ನ ಕಡೆ ನೋಡಿದ. "ಇಲ್ಲಮ್ಮ. ಮೇಷ್ಟ್ರನ್ನ ಕರ್ಕೊಂಡ್ ಹೋಗೋಕೆ ಬಂದೆ."

ಸೈಕಲ್ ಮಾರುವ ಮಾತು ಅಲ್ಲಿಗೆ ಮುಗಿಯಿತು. ಲಕ್ಷ್ಮಕ್ಕ ಬ್ರೇಕು ಹಿಡಿದು ಹುಷಾರಾಗಿ ಇಳಿದು, ತುಳಿದುಕೊಂಡೇ ಮನೆಗೆ ಬಂದರು. ಜವಾಬ್ದಾರಿ ಇರುವ ಮನುಷ್ಯ ಕಾರಿನಲ್ಲಿ ಬಂದ. ಡಿಕ್ಕಿಯಿಂದ ಹೊರಗೆ ಚಾಚಿದ್ದ ಪೆಡಲಿನಲ್ಲಿ ಕೆಂಪು ಬೂಟೊಂದು ಗಿರಗಿರ ತಿರುಗುತ್ತಿತ್ತು. ಯಲಹಂಕದ ಸಿಗ್ನಲ್ಲಿನಲ್ಲಿ ಬೈಕಿನವನೊಬ್ಬ ಅದನ್ನು ನೋಡಿ, ಒಳಗೆ ಬಗ್ಗಿ ನನ್ನನ್ನು ನೋಡಿ, "ಬೂಟಿನವ್ರು ಇನ್ನೂ ಜೀವಂತ ಇದ್ದಾರೆ ಬಿಡು ಮಗಾ" ಎಂದು ಹಿಂದಿನವನಿಗೆ ಹೇಳಿದ.

ಮುಂದಿನ ವಾರ ನಾನೂ ಬೂದಿ ಬಣ್ಣದ, ಸಣ್ಣ ಬಿಲ್ಲೆಯ ಬೂಟು ತಂದೆ. ಸಂಜೆ ಹೊತ್ತು ಹೋಗಿ, ದಪ್ಪ ಕಾಲುಚೀಲ ತೊಟ್ಟು, ಅಂಗಡಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಎದ್ದು ಆರಿಸಿದೆ. ಲಕ್ಷ್ಮಕ್ಕ ಮೈದಾನದ ಹುಲ್ಲಿನ ಮೇಲೆ ನಿಂತು ನನಗೆ ಪಾಠ ಮಾಡಿದರು. ಮೇಷ್ಟರಾಗಿ ಹೇಳುತ್ತೇನೆ, ಅಷ್ಟು ತಾಳ್ಮೆಯ ಮೇಷ್ಟರನ್ನು ನಾನು ನೋಡಿಲ್ಲ. ಕೊನೆಗೆ ಹೆಸರಘಟ್ಟದವರೆಗೆ ಹೋಗಿ ಬಂದ ದಿನ, ಅವರು ಬೀದಿಗೆಲ್ಲ ಕೇಳುವಂತೆ, "ಇವತ್ತು ನಮ್ ಮೇಷ್ಟ್ರು ಒಂದ್ ಕಿತನೂ ಬೀಳ್ಲಿಲ್ಲ ಕಣ್ರವ್ವಾ!" ಎಂದು ಸಾರಿದರು. ಎರಡು ಮನೆಯವರು ಚಪ್ಪಾಳೆಯನ್ನೂ ತಟ್ಟಿದರು.

ನಾನು ಗಂಭೀರವಾಗಿ ಕೈಯೆತ್ತಿ ವಂದಿಸಿ, ಒಳಗೆ ಬಂದು, ಬೂಟು ಬಿಚ್ಚಿಟ್ಟು, ಬರಿಗಾಲಿನಲ್ಲಿ ಹಾಲಿಗೆ ನಡೆದು, ದೊಡ್ಡ ಉಸಿರು ಬಿಟ್ಟು ಕುರ್ಚಿಯ ಮೇಲೆ ಕೂತೆ. ಕಸ ಗುಡಿಸಲೆಂದು ಸುಧಾ ಕುರ್ಚಿಯನ್ನು ಆಚೆ ಸರಿಸಿದ್ದಳು.

ಸದ್ದು ಕೇಳಿ ಅಡುಗೆಮನೆಯಿಂದಲೇ ಕೇಳಿದಳು. "ಈ ಸಲ ಯಾವ ಕಡೆಗೆ ಬಿದ್ರಿ?"

"ನೇರ ಕೆಳಕ್ಕೆ" ಎಂದೆ.